ನಾನು ಓಡದ ಹದಿನೈದನೇ ಸುತ್ತು

2025ರ ಫೆಬ್ರುವರಿ. ಮಂಡ್ಯದ ನಮ್ಮ ರೂಮಿನಲ್ಲಿ ಒಲೆ ಮೇಲೆ ಅನ್ನ ಇಟ್ಟು ಕೂತಿದ್ದೆವು. ಜೊತೆಗಾರ ಮೊಬೈಲ್ ತಂದು ಮುಖದ ಮುಂದೆ ಹಿಡಿದ. ‘ನೋಡ್ಲಾ, ನಮ್ಮೋನು ಅಮೆರಿಕದಲ್ಲಿ ಹೆಂಗ್ ಓಡ್ತಾವ್ನೆ’ ಅಂದ. ಬಾಸ್ಟನ್ ನಗರದ ಒಳಾಂಗಣ ಟ್ರ್ಯಾಕ್‌ನಲ್ಲಿ ಗುಲ್ವೀರ್ ಸಿಂಗ್ 5000 ಮೀಟರ್ ಓಡುತ್ತಿದ್ದರು. ಉತ್ತರ ಪ್ರದೇಶದ ಅಲಿಗಢ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದು ಸೇನೆ ಸೇರಿದವರು ಅವರು. ಆ ಓಟವನ್ನು 12 ನಿಮಿಷ 59.77 ಸೆಕೆಂಡುಗಳಲ್ಲಿ ಮುಗಿಸಿ, ಆ ದೂರವನ್ನು 13 ನಿಮಿಷದೊಳಗೆ ಓಡಿದ ಮೊದಲ ಭಾರತೀಯ ಎನಿಸಿಕೊಂಡಿದ್ದರು.

ಗೆಳೆಯನಿಗೆ ಸಮಯ ನೋಡಿ ಬೆರಗು. ನನ್ನ ಕಣ್ಣು ಹೋಗಿದ್ದು ಟ್ರ್ಯಾಕ್ ಕಡೆಗೆ. ಮೇಲೆ ಛಾವಣಿ, ಸುತ್ತ ಗೋಡೆ, ನಡುವೆ ಪುಟ್ಟದೊಂದು ಟ್ರ್ಯಾಕ್. ಒಂದು ಸುತ್ತಿಗೆ 200 ಮೀಟರ್ ಮಾತ್ರ. 5000 ಮೀಟರ್ ಮುಗಿಸಲು 25 ಸುತ್ತು. ಅದೇ ಚಳಿಗಾಲದಲ್ಲಿ ಗುಲ್ವೀರ್ ಒಳಾಂಗಣದಲ್ಲೇ 3000 ಮೀಟರ್ ಓಟವನ್ನು 7 ನಿಮಿಷ 38 ಸೆಕೆಂಡುಗಳಲ್ಲಿ ಓಡಿದ್ದರು. 3000 ಅಂದರೆ 15 ಸುತ್ತು. ಹದಿನೈದು ಎಂದು ಲೆಕ್ಕ ಹಾಕುತ್ತಿದ್ದಂತೆ ನನ್ನ ಬಲಗೈ ಹೆಬ್ಬೆರಳು ತಾನಾಗಿ ಕಿರುಬೆರಳಿನ ಬುಡದ ಗೆರೆಗೆ ಹೋಗಿ ಕೂತಿತು.

ಯಾಕೆಂದರೆ ಹೈಸ್ಕೂಲಿನಲ್ಲಿ ನಾನೂ 200 ಮೀಟರ್ ಸುತ್ತಿನ ಟ್ರ್ಯಾಕ್‌ನಲ್ಲೇ 3000 ಓಡಿದವನು. ನಮ್ಮದಕ್ಕೆ ಛಾವಣಿ ಇರಲಿಲ್ಲ. ಅದರಲ್ಲಿ ಒಂದು ಓಟ ಗೆದ್ದಿದ್ದೇನೆ. ಆ ಗೆಲುವಿನ ಬಗ್ಗೆ ಏಳು ವರ್ಷ ಯಾರಿಗೂ ಹೇಳದೇ ಇದ್ದ ಮಾತೊಂದು ಇದೆ.

ಸುಣ್ಣದ ಗೆರೆಯ ಟ್ರ್ಯಾಕ್

ನಮ್ಮೂರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಬೆಳಗ್ಗೆ ಎದ್ದರೆ ಡೇರಿಗೆ ಹಾಲು ಹಾಕುವುದು ನನ್ನ ಕೆಲಸ. ಹೋಗುವಾಗ ಹಾಲು ಚೆಲ್ಲಬಾರದೆಂದು ನಿಧಾನ. ಬರುವಾಗ ಖಾಲಿ ಕ್ಯಾನು ಹಿಡಿದು ನಾಲೆ ಏರಿ ಮೇಲೆ ಓಟ. ಇದನ್ನು ಕಂಡ ನಮ್ಮ ಪಿ.ಟಿ. ಮೇಷ್ಟ್ರು ಎಂಟನೇ ಕ್ಲಾಸಿನಲ್ಲೇ ನನ್ನನ್ನು ಹಿಡಿದು ‘ನೀನು ನೂರು ಮೀಟರ್‌ಗಾಗಲ್ಲ ಕಣ್ಲಾ, ದೂರದ ಓಟಕ್ಕೆ ಆಯ್ತೀಯ’ ಅಂದರು. 

ಶಾಲೆಯ ಮೈದಾನ ಚಿಕ್ಕದು. 400 ಮೀಟರ್ ಸುತ್ತು ಅದರೊಳಗೆ ಹಿಡಿಯುವುದಿಲ್ಲ. ಹಾಗಾಗಿ ಮೇಷ್ಟ್ರು ಗೂಟ ಹೊಡೆದು ಹಗ್ಗ ಕಟ್ಟಿ 200 ಮೀಟರ್ ಎಳೆಯುತ್ತಿದ್ದರು. ಎರಡು ಬದಿ ನೇರಕ್ಕೆ 40 ಮೀಟರ್, ಎರಡು ತುದಿಯಲ್ಲಿ 60 ಮೀಟರಿನ ಅರ್ಧ ವೃತ್ತ. ಹಗ್ಗದ ತುದಿ ಹೋದಲ್ಲೆಲ್ಲ ಹಿಂದಿನಿಂದ ನಾವು ಸುಣ್ಣದ ಪುಡಿ ಉದುರಿಸಿಕೊಂಡು ಹೋಗುವುದು. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದಿದ್ದ ವೃತ್ತದ ಪರಿಧಿ ನನಗೆ ಅರ್ಥವಾಗಿದ್ದು ಆ ಹಗ್ಗ ಹಿಡಿದಾಗ.

ಇನ್ನೊಂದು ಲೆಕ್ಕವೂ ಅಲ್ಲೇ ಕಲಿತೆ. ಟ್ರ್ಯಾಕ್‌ನ ಒಂದು ಲೇನಿನ ಅಗಲ 1.22 ಮೀಟರ್. ಒಳಗಿನ ಗೆರೆ ಬಿಟ್ಟು ಒಂದು ಲೇನು ಆಚೆ ಓಡಿದರೆ ಸುತ್ತಿಗೆ ಏಳೂವರೆ ಮೀಟರಿಗಿಂತ ಹೆಚ್ಚು ದೂರ ಬೀಳುತ್ತದೆ. 15 ಸುತ್ತಿಗೆ ಅದು ಸುಮಾರು 115 ಮೀಟರ್ ಆಗುತ್ತದೆ. ದಂಡಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ಓಡಿದಂತೆ. ‘ತಿರುವಲ್ಲಿ ಗೆರೆಗೆ ಅಂಟ್ಕೊ, ದಾಟೋದಿದ್ರೆ ನೇರದಲ್ಲಿ ದಾಟು’ ಎಂದು ಮೇಷ್ಟ್ರು ಬಡಕೊಳ್ಳುತ್ತಿದ್ದದ್ದು ಇದಕ್ಕೇ.

ಬಾಸ್ಟನ್‌ನ ವಿಡಿಯೊದಲ್ಲಿ ತಿರುವುಗಳು ಒಳಕ್ಕೆ ವಾಲಿದ್ದವು. ಸರ್ಕಸ್ಸಿನ ಬಾವಿಯಲ್ಲಿ ಬೈಕು ಓಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚಿಕ್ಕ ಸುತ್ತಿನಲ್ಲಿ ಜೋರಾಗಿ ತಿರುಗಿದರೆ ದೇಹ ಹೊರಕ್ಕೆ ಜಾರಲು ನೋಡುತ್ತದೆ. ಅದನ್ನು ತಡೆಯಲು ಹೊರ ಅಂಚನ್ನು ಎತ್ತರ ಮಾಡಿರುತ್ತಾರೆ. ನಮ್ಮ ಮೈದಾನದ ಒಂದು ತಿರುವು ಮಳೆ ನೀರು ಹರಿಯಲೆಂದು ಹೊರಕ್ಕೆ ಇಳಿಜಾರಾಗಿತ್ತು. ಅಲ್ಲಿ ಬರಿಗಾಲಿನ ಹೆಬ್ಬೆರಳು ಊರಿ ಓಡದಿದ್ದರೆ ಬೇಲಿಗೆ ಹೋಗಿ ಬೀಳುವುದೇ.

ನಮ್ಮ ದೇಶದಲ್ಲಿ ಇಂಥ ಒಳಾಂಗಣ ಟ್ರ್ಯಾಕ್ ಈಗ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿದೆ. ಬೆಂಗಳೂರಿನ ಕಂಠೀರವದಲ್ಲಿ ಒಳಾಂಗಣ ಕ್ರೀಡಾಂಗಣ ಇದ್ದರೂ ಅದರೊಳಗೆ ಓಟದ ಟ್ರ್ಯಾಕ್ ಇಲ್ಲ. 2024ರಲ್ಲಿ ಟೆಹರಾನ್‌ನಲ್ಲಿ ನಡೆದ ಏಷ್ಯನ್ ಒಳಾಂಗಣ ಅಥ್ಲೆಟಿಕ್ಸ್‌ನಲ್ಲಿ ಹರ್ಮಿಲನ್ ಬೈನ್ಸ್ 1500 ಮೀಟರ್‌ನಲ್ಲಿ ಚಿನ್ನ, ಅಂಕಿತಾ ಧ್ಯಾನಿ 3000 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಅವರೂ ಓಡಿದ್ದು ಇದೇ 200 ಮೀಟರ್ ಲೆಕ್ಕದ ಸುತ್ತುಗಳನ್ನೇ. ಇದನ್ನೆಲ್ಲ ತಿಳಿದ ಮೇಲೆ ನಮ್ಮ ಸುಣ್ಣದ ಟ್ರ್ಯಾಕ್ ಬಗ್ಗೆ ಸ್ವಲ್ಪ ಹೆಮ್ಮೆಯೂ ಬಂತು.

ಬೆರಳ ಗೆರೆಯ ಲೆಕ್ಕ

ಚಿಕ್ಕ ಸುತ್ತಿನ ದೊಡ್ಡ ತೊಂದರೆ ತಿರುವಲ್ಲ, ಎಣಿಕೆ. 400 ಮೀಟರ್ ಟ್ರ್ಯಾಕ್‌ನಲ್ಲಿ 3000 ಅಂದರೆ ಏಳೂವರೆ ಸುತ್ತು. 200ರಲ್ಲಿ ಹದಿನೈದು. ಆರನೇ ಸುತ್ತಿನ ಹೊತ್ತಿಗೆ ಮುಂದಿನವರು ಹಿಂದಿನವರನ್ನು ಒಂದು ಸುತ್ತು ದಾಟಲು ಶುರು ಮಾಡುತ್ತಾರೆ. ಆಮೇಲೆ ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎಂಬುದು ನೋಡುವವರಿಗೂ ಗೊತ್ತಾಗದು, ಓಡುವವರಿಗೂ ಗೊತ್ತಾಗದು. 

ಇದಕ್ಕೆ ಮೇಷ್ಟ್ರು ಒಂದು ಉಪಾಯ ಕಲಿಸಿದ್ದರು. ನಮ್ಮ ಅಜ್ಜಿ ಹಾಲಿನ ಲೆಕ್ಕ ಇಡುತ್ತಿದ್ದ ಉಪಾಯವೇ ಅದು. ಬೆರಳಿಗೆ ಮೂರು ಗೆರೆ. ಕಿರುಬೆರಳ ಬುಡದಿಂದ ಶುರು ಮಾಡಿ ಒಂದು ಸುತ್ತಿಗೆ ಒಂದು ಗೆರೆ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಬೇಕು. ನಾಲ್ಕು ಬೆರಳು ಮುಗಿದರೆ ಹನ್ನೆರಡು. ಅಲ್ಲಿಂದ ಮೂರು ಸುತ್ತು ಬಾಕಿ. ‘ಉಸಿರು ತಪ್ಪಿದ್ರೂ ಪರ್ವಾಗಿಲ್ಲ ಕಣ್ಲಾ, ಲೆಕ್ಕ ತಪ್ಪಬ್ಯಾಡ’ ಎನ್ನುತ್ತಿದ್ದರು. 

ಜೊತೆಗೆ ಒಂದು ಹಳೆಯ ನೋಟ್‌ಬುಕ್. ಅದರಲ್ಲಿ ನನ್ನ ಒಂದೊಂದು ಸುತ್ತಿನ ಸಮಯ ಬರೆದಿಡುತ್ತಿದ್ದರು. 44 ಸೆಕೆಂಡಿಗೊಂದು ಸುತ್ತು ಹಾಕಿದರೆ 3000 ಮೀಟರ್ 11 ನಿಮಿಷಕ್ಕೆ ಮುಗಿಯುತ್ತದೆ. ಹತ್ತನೇ ಕ್ಲಾಸಿನಲ್ಲಿ ನನ್ನ ಒಳ್ಳೆಯ ಸಮಯ 11 ನಿಮಿಷ 4 ಸೆಕೆಂಡು. ಹನ್ನೊಂದರ ಒಳಗೆ ಬರುವುದು ನಮ್ಮಿಬ್ಬರ ಆಸೆ.

ಗಂಟೆ ಬಾರಿಸಿದ ಹೊತ್ತು

2018ರ ನವೆಂಬರ್ ಇರಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆಂದು ಒಂದು ಸಂಘದವರು ಕ್ರೀಡಾಕೂಟ ಮಾಡಿದ್ದರು. ಸಂಘದ ಹೆಸರು, ಮೈದಾನದ ಹೆಸರು ಇಲ್ಲಿ ಬೇಡ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೂಟ. ಮಧ್ಯಾಹ್ನಕ್ಕೆ ಪಲಾವು, ಬಂದವರಿಗೆಲ್ಲ ಬಾಳೆಹಣ್ಣು. 3000 ಮೀಟರಿಗೆ ಮೊದಲ ಬಹುಮಾನ ಒಂದು ಜೊತೆ ಓಟದ ಶೂ. ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ನಾವು ಓಟಗಾರರೆಲ್ಲ ಒಬ್ಬೊಬ್ಬರಾಗಿ ಹೋಗಿ ನೋಡಿ ಬಂದೆವು. ನನ್ನ ಹತ್ತಿರ ಶೂ ಇರಲಿಲ್ಲ. 

ಹಿಂದಿನ ರಾತ್ರಿ ತುಂತುರು ಬಿದ್ದು ಮೈದಾನ ಹಸಿಯಾಗಿತ್ತು. ಅಲ್ಲೂ 200 ಮೀಟರ್ ಸುತ್ತೇ. ಇಪ್ಪತ್ತನಾಲ್ಕು ಹುಡುಗರು ಸಾಲು ನಿಂತೆವು. ಎದೆಗೆ ಕಾಗದದ ನಂಬರು, ಪಿನ್ನು. ಎಣಿಸಲು ಒಬ್ಬರೇ ಒಬ್ಬರು ಪುಸ್ತಕ ಹಿಡಿದು ನಿಂತಿದ್ದರು. ಉದ್ದದ ಓಟಗಳಲ್ಲಿ ಸುತ್ತು ಎಣಿಸುವ ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಓಟಗಾರರನ್ನು ವಹಿಸಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಲೆಕ್ಕದಲ್ಲಿ ಅಂದು ಆರು ಜನ ಬೇಕಿತ್ತು. ಹಳ್ಳಿ ಕೂಟದಲ್ಲಿ ಆರು ಜನರನ್ನು ಎಲ್ಲಿಂದ ತರುತ್ತಾರೆ? 

ಮದ್ದೂರು ಕಡೆಯ ಒಬ್ಬ ಹುಡುಗ ಮೊದಲ ಸುತ್ತಿನಿಂದಲೇ ಮುಂದೆ ಹೋದ. ಕಪ್ಪಗೆ, ತೆಳ್ಳಗೆ, ಉದ್ದ ಕಾಲು. ಅವನೂ ಬರಿಗಾಲು. ಜೋರಾಗಿ ಓಡುತ್ತಿದ್ದಾನೆ ಅನಿಸುತ್ತಲೇ ಇರಲಿಲ್ಲ. ಗಾಣದ ಎತ್ತಿನ ಹಾಗೆ ಒಂದೇ ಹದ. ನಾನು ಅವನ ಬೆನ್ನಿಗೆ ಬಿದ್ದೆ. ಏಳನೇ ಸುತ್ತಿಗೆ ಹಿಂದಿನವರನ್ನು ದಾಟತೊಡಗಿದೆವು. ಬೆವರಿಗೆ, ಕೆಸರಿಗೆ ನಂಬರಿನ ಕಾಗದಗಳು ಹರಿದು ನೇತಾಡುತ್ತಿದ್ದವು. ಮೈದಾನದ ಸುತ್ತ ನಿಂತವರು ತಮ್ಮ ತಮ್ಮ ಶಾಲೆಯ ಹೆಸರು ಕೂಗುತ್ತಿದ್ದರು. ನನ್ನ ಹೆಬ್ಬೆರಳು ಮಾತ್ರ ಗೆರೆಯಿಂದ ಗೆರೆಗೆ ಹೋಗುತ್ತಿತ್ತು.

ತೋರುಬೆರಳ ಕೊನೆಯ ಗೆರೆ ಮುಗಿಯಿತು. ಹನ್ನೆರಡು. ಕಾಲು ಸೋತಿತ್ತು, ಅವನು ಐದಾರು ಮೀಟರ್ ಮುಂದಿದ್ದ. ಇನ್ನು ಮೂರು ಅಂದುಕೊಂಡೆ. ಅದರಲ್ಲಿ ಒಂದು ಸುತ್ತು ಮುಗಿಸಿ ಗೆರೆ ದಾಟುವಾಗ ಗಂಟೆ ಬಾರಿಸಿತು. ‘ಲಾಸ್ಟ್ ರೌಂಡ್, ಲಾಸ್ಟ್ ರೌಂಡ್’ ಎಂದು ಮೈಕಿನಲ್ಲಿ ಕೂಗಿದರು.

ಆಗಿದ್ದದ್ದು ಹದಿಮೂರು. ಎರಡು ಬಾಕಿ ಇತ್ತು. ನನಗೆ ಅದು ಖಂಡಿತವಾಗಿ ಗೊತ್ತಿತ್ತು.

ಆ ಕ್ಷಣ ತಲೆಯಲ್ಲಿ ಏನೇನು ಓಡಿತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ದೊಡ್ಡ ಯೋಚನೆ ಏನೂ ಇಲ್ಲ. ಗಂಟೆ ಹೊಡೆದರು, ಓಡು ಅಷ್ಟೇ. ಮೈಯಲ್ಲಿ ಉಳಿದಿದ್ದ ಎಲ್ಲವನ್ನೂ ಒಟ್ಟು ಮಾಡಿ ಓಡಿದೆ. ಅವನು ಅದೇ ಹದದಲ್ಲಿದ್ದ. ನಾನು ಪಕ್ಕದಲ್ಲಿ ದಾಟಿದಾಗ ತಿರುಗಿ ನೋಡಿ ಏನೋ ಹೇಳಿದ. ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ದಾರಕ್ಕೆ ಎದೆ ಕೊಟ್ಟು ಹುಲ್ಲಿನ ಮೇಲೆ ಬಿದ್ದೆ. ನಮ್ಮ ಶಾಲೆಯ ಹುಡುಗರು ಬಂದು ಮೇಲೆ ಬಿದ್ದರು.

ಬಿದ್ದಲ್ಲಿಂದಲೇ ನೋಡಿದೆ. ಅವನು ಎರಡನೆಯವನಾಗಿ ಗೆರೆ ದಾಟಿದ, ನಿಲ್ಲಲಿಲ್ಲ. ‘ಲೋ, ಮುಗೀತು ನಿಲ್ಲೋ’ ಎಂದು ನಾಲ್ಕೈದು ಜನ ಕೂಗಿದರು. ಮೈಕಿನವರು ನಕ್ಕು ‘ನಮ್ಮ ಮದ್ದೂರು ಹುಡುಗನಿಗೆ ಇನ್ನೂ ಓಡುವ ಆಸೆ’ ಅಂದರು. ಎಲ್ಲರೂ ನಕ್ಕರು. ಅವನು ಖಾಲಿ ಟ್ರ್ಯಾಕ್‌ನಲ್ಲಿ ಒಬ್ಬನೇ ಪೂರ್ತಿ ಒಂದು ಸುತ್ತು ಓಡಿದ. ಕೊನೆಯ ತಿರುವಿನಲ್ಲಿ ವೇಗ ಹೆಚ್ಚಿಸಿ ಬಂದು ಗೆರೆ ಮುಟ್ಟಿ, ಮಂಡಿಗೆ ಕೈ ಊರಿ ನಿಂತ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡ.

ನನ್ನ ಸಮಯ 10 ನಿಮಿಷ 16 ಸೆಕೆಂಡು ಎಂದು ಸಾರಿದರು. ಕೂಟದ ಹೊಸ ದಾಖಲೆಯಂತೆ. ಶೂ ನನ್ನ ಕೈಗೆ ಬಂತು. ಅವನಿಗೆ ಮುಚ್ಚಳದ ಸ್ಟೀಲ್ ಡಬ್ಬಿ.

‘ಎಣಿಸ್ದೇನ್ಲಾ?’

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ನನ್ನ ಪಕ್ಕ ಕೂತರು. ಶೂ ಡಬ್ಬಿ ನನ್ನ ತೊಡೆಯ ಮೇಲಿತ್ತು. ತುಂಬಾ ಹೊತ್ತು ಸುಮ್ಮನಿದ್ದು ಕೇಳಿದರು, ‘ಎಣಿಸ್ದೇನ್ಲಾ?’

‘ಇಲ್ಲ ಸಾ. ಗಂಟೆ ಹೊಡುದ್ರಲ್ಲ’ ಅಂದೆ.

ಅವರು ಜೇಬಿನಿಂದ ಆ ನೋಟ್‌ಬುಕ್ ತೆಗೆದರು, ತೆರೆಯಲಿಲ್ಲ, ಮತ್ತೆ ಒಳಗಿಟ್ಟರು. ಕಿಟಕಿ ಕಡೆ ಮುಖ ಮಾಡಿ ಕಬ್ಬಿನ ಗದ್ದೆ ನೋಡುತ್ತಾ ಕೂತರು. ಅವರಿಗೆ ಗೊತ್ತಾಗಿತ್ತು. 11 ನಿಮಿಷ 4 ಸೆಕೆಂಡಿನ ಹುಡುಗ ಒಂದೇ ದಿನದಲ್ಲಿ 48 ಸೆಕೆಂಡು ಇಳಿಸುವುದಿಲ್ಲ. ನನ್ನ ಒಂದು ಸುತ್ತಿಗೆ 44 ಸೆಕೆಂಡು ಬೇಕು ಎಂದು ಬರೆದಿಟ್ಟವರು ಅವರೇ. ಆಮೇಲೆ ಆ ವಿಷಯ ಅವರು ಎತ್ತಲಿಲ್ಲ. ಸುಳ್ಳು ಹೇಳಿದ್ದು ಓಡಿದ್ದಕ್ಕಿಂತ ಹೆಚ್ಚು ಕಾಡಿತು.

ಊರಲ್ಲಿ ಸಂಭ್ರಮ. ಅಪ್ಪ ಶೂ ಡಬ್ಬಿಯನ್ನು ಬಂದವರಿಗೆಲ್ಲ ತೋರಿಸಿದರು. ಶಾಲೆಯ ಬೋರ್ಡಿನಲ್ಲಿ ನನ್ನ ಹೆಸರಿನ ಪಕ್ಕ 10:16 ಎಂದು ಬರೆದರು. ಆ ಅಂಕಿ ನನ್ನ ಬೆನ್ನು ಬಿಡಲಿಲ್ಲ. ಮುಂದಿನ ಓಟ ದೊಡ್ಡ ಮೈದಾನದಲ್ಲಿ, 400 ಮೀಟರ್ ಸುತ್ತಿನಲ್ಲಿ, ಅದೇ ಶೂ ಹಾಕಿಕೊಂಡು. 11 ನಿಮಿಷ 2 ಸೆಕೆಂಡಿಗೆ ಆರನೆಯವನಾಗಿ ಬಂದೆ. ಅದು ನಿಜಕ್ಕೂ ನನ್ನ ಆವರೆಗಿನ ಅತಿ ಒಳ್ಳೆಯ ಓಟ. ಆದರೆ ಎಲ್ಲರೂ ಕೇಳಿದ್ದು ‘ಯಾಕ್ಲಾ ಹುಷಾರಿರ್ಲಿಲ್ವಾ?’ ಎಂದು. ಎರಡು ಸೆಕೆಂಡು ಇಳಿಸಿದ ಖುಷಿಯನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ಪಿಯುಸಿಗೆ ಬಂದ ಮೇಲೆ ಓಟ ಬಿಟ್ಟೆ. ಕೇಳಿದವರಿಗೆ ಓದು ಜಾಸ್ತಿ ಆಯ್ತು ಅಂದೆ.

ಒಂದು ಸುತ್ತು ಹೆಚ್ಚು, ಒಂದು ಸುತ್ತು ಕಡಿಮೆ

ಆ ವಿಡಿಯೊ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಸುತ್ತು ಎಣಿಸುವುದು ತಪ್ಪಿದ್ದು ನಮ್ಮಲ್ಲಿ ಮಾತ್ರವೇ ಎಂದು ಹುಡುಕುತ್ತಾ ಹೋದೆ. 

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್. ಸುತ್ತು ಎಣಿಸುವವರು ತಪ್ಪಿ ಓಟಗಾರರು ಒಂದು ಸುತ್ತು ಹೆಚ್ಚು ಓಡಿದರು. ಫಿನ್ಲೆಂಡಿನ ಇಸೊ-ಹೊಲೊ ಹೇಗಿದ್ದರೂ ಮುಂದಿದ್ದರು, ಚಿನ್ನ ಅವರದೇ ಆಯಿತು. ಆದರೆ 3000 ಮೀಟರ್ ಮುಗಿದಾಗ ಎರಡನೆಯವರಾಗಿದ್ದ ಅಮೆರಿಕದ ಜೋ ಮೆಕ್ಲಸ್ಕಿಯನ್ನು ಬ್ರಿಟನ್ನಿನ ಥಾಮಸ್ ಎವೆನ್ಸನ್ ಆ ಹೆಚ್ಚಿನ ಸುತ್ತಿನಲ್ಲಿ ದಾಟಿಬಿಟ್ಟರು. ಬೆಳ್ಳಿ ಕಂಚಾಯಿತು. ಮತ್ತೆ ಓಡಿಸುವ ಮಾತು ಬಂದಾಗ ಮೆಕ್ಲಸ್ಕಿ ಬೇಡವೆಂದರು. 

2019ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಇಥಿಯೋಪಿಯಾದ ಹಾಗೊಸ್ ಗೆಬ್ರಿವೆಟ್ 5000 ಮೀಟರ್ ಓಟದಲ್ಲಿ ಒಂದು ಸುತ್ತು ಮುಂಚೆಯೇ ಗೆದ್ದೆನೆಂದು ನಿಂತುಬಿಟ್ಟರು. ಉಳಿದವರು ಓಡುತ್ತಲೇ ಇದ್ದರು. ತಪ್ಪು ತಿಳಿದು ಮತ್ತೆ ಓಟ ಸೇರಿ ಹತ್ತನೆಯವರಾದರು. ಒಲಿಂಪಿಕ್ ಕಂಚು ಗೆದ್ದವರಿಗೂ ಲೆಕ್ಕ ತಪ್ಪುತ್ತದೆ.

ಇವನ್ನು ಓದಿ ನನಗೆ ಸಮಾಧಾನ ಸಿಗಬೇಕಿತ್ತು. ಸಿಗಲಿಲ್ಲ. ಅವರಿಗೆ ಲೆಕ್ಕ ತಪ್ಪಿತ್ತು. ನನಗೆ ತಪ್ಪಿರಲಿಲ್ಲ.

ಮಂಡ್ಯದ ಮೈದಾನದಲ್ಲಿ

ಡಿಗ್ರಿ ಮುಗಿಸಿದ ಮೇಲೆ ನಾನು ಪೊಲೀಸ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದೇನೆ. ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬೆಳಗ್ಗೆ ಹೋದರೆ ನನ್ನಂಥವರು ಎಷ್ಟೋ ಜನ ಸಿಗುತ್ತಾರೆ. ಮಳವಳ್ಳಿಯವರು, ಮದ್ದೂರಿನವರು, ಪಾಂಡವಪುರದವರು. ಒಬ್ಬರಿಗೆ ಕಾನ್‌ಸ್ಟೆಬಲ್, ಇನ್ನೊಬ್ಬರಿಗೆ ಅಗ್ನಿವೀರ್. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ, ಹುಡುಗಿಯರು 400 ಮೀಟರ್ ಓಟವನ್ನು 2 ನಿಮಿಷದಲ್ಲಿ ಮುಗಿಸಬೇಕು. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಪೂರ್ತಿ 60 ಅಂಕ.

ಒಂದು ದಿನ ಟ್ರ್ಯಾಕ್‌ನಲ್ಲಿ ಒಬ್ಬ ನನ್ನನ್ನು ದಾಟಿ ಹೋದ. ಮುಖ ನೋಡಲಿಲ್ಲ, ಕಾಲು ನೋಡಿದೆ. ಗಾಣದ ಎತ್ತಿನ ಅದೇ ಹದ. ಮೈ ಜುಮ್ಮೆಂದಿತು. ಮೂರು ದಿನ ಮಾತಾಡಿಸಲಿಲ್ಲ. ನಾಲ್ಕನೇ ದಿನ ಅವನು ನೆಲದ ಮೇಲೆ ಕೂತು ಲೇಸು ಬಿಚ್ಚುವಾಗ ಹೋಗಿ ಪಕ್ಕ ಕೂತೆ. ಮದ್ದೂರಾ ಅಂದೆ. ಹೌದು ಅಂದ. ಕೂಟದ ಹೆಸರು ಹೇಳಿದೆ. ನನ್ನ ಮುಖ ನೋಡಿ ನಕ್ಕ. 

‘ಮಳವಳ್ಳಿ! ಶೂ ಗೆದ್ದೋನು!’

‘ಗುರು, ಅವತ್ತು ಹದಿನಾಲ್ಕೇ ಸುತ್ತು ಆಗಿದ್ದು’ ಅಂದೆ. ಏಳು ವರ್ಷ ಗಂಟಲಲ್ಲಿ ಇದ್ದದ್ದು ಇಷ್ಟು ಚಿಕ್ಕ ಮಾತಾ ಅನಿಸಿತು.

‘ಗೊತ್ತು ಕಣಪ್ಪ. ನಾನೂ ಎಣಿಸ್ತಿದ್ದೆ. ನೀನು ದಾಟುವಾಗ ಇನ್ನೂ ಎರಡದೆ ಅಂತ ಹೇಳ್ದೆ.’

‘ಮತ್ತೆ ಆಮೇಲೆ ಯಾಕೆ ಯಾರಿಗೂ ಹೇಳ್ಲಿಲ್ಲ?’

ಅವನು ಲೇಸು ಬಿಚ್ಚುವುದು ನಿಲ್ಲಿಸಿದ. ‘ನಮ್ ಮೇಷ್ಟ್ರಿಗೆ ಹೇಳ್ದೆ. ಅವ್ರು ಹೋಗಿ ಕೇಳುದ್ರು. ಪುಸ್ತಕದಲ್ಲಿ ಹದಿನೈದು ಅಂತ ಅದೆ ಅಂದ್ರಂತೆ. ಸೋತೋನು ಹೇಳುದ್ರೆ ಹೊಟ್ಟೆಕಿಚ್ಚು ಅಂತಾರೆ ಗುರು. ಗೆದ್ದೋನು ಹೇಳಿದ್ರೆ ನಂಬ್ತಿದ್ರು.’

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ಶೂ ದುಡ್ಡು ಕೊಡಲೇ ಎಂದು ಕೇಳಿದೆ. ಕೇಳುವಾಗಲೇ ನಾಚಿಕೆಯಾಯಿತು.

‘ಎಷ್ಟು ನಂಬರಿಂದು ಅದು?’

‘ಏಳು.’

‘ನಂದು ಒಂಬತ್ತು. ನನ್ಗೆ ಕೊಟ್ಟಿದ್ರೂ ಕಾಲು ಹಿಡೀತಿರ್ಲಿಲ್ಲ ಬುಡು. ಆ ಸ್ಟೀಲ್ ಡಬ್ಬಿಲಿ ನಮ್ಮವ್ವ ಇವತ್ಗೂ ಉಪ್ಪಿನಕಾಯಿ ಇಡ್ತದೆ’ ಎಂದು ನಕ್ಕ. ನಾನೂ ನಕ್ಕೆ. ಆದರೆ ಅವನು ಎದ್ದು ಹೋಗುವಾಗ ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. ‘ಆ ಕೊನೇ ಸುತ್ತು ಓಡುವಾಗ ಎಲ್ರೂ ನಗ್ತಿದ್ರಲ್ಲ, ಅದೊಂದು ಬೇಜಾರಾಗಿತ್ತು.’

ಆ ವಾರವೇ ಊರಿಗೆ ಹೋಗಿ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ಎರಡು ವರ್ಷವಾಗಿದೆ. ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. ‘ಸಾ, ಅವತ್ತು ಎಣಿಸಿದ್ದೆ’ ಅಂದೆ. ಯಾವತ್ತು, ಏನು ಎಂದು ಅವರು ಕೇಳಲಿಲ್ಲ. ಪೇಪರು ಮಡಚಿಟ್ಟು ‘ಕೂತ್ಕೊ, ಕಾಫಿ ಕುಡ್ದು ಹೋಗು’ ಅಂದರು. ಕಾಫಿ ಬರುವವರೆಗೆ ಈಗ 1600 ಎಷ್ಟಕ್ಕೆ ಓಡುತ್ತೀ ಎಂದು ವಿಚಾರಿಸಿದರು.

ಈಗಿನ ಲೆಕ್ಕ

ಈಗ ನಾವಿಬ್ಬರೂ ಜೊತೆಯಲ್ಲೇ ಓಡುತ್ತೇವೆ. ಪರೀಕ್ಷೆಗೆ ತಯಾರಾಗುತ್ತಿರುವ ಗೆಳೆಯರಿಗೆ ನಾವು ಕಲಿತ ಒಂದೆರಡು ಮಾತು ಹೇಳುತ್ತೇನೆ. 1600 ಮೀಟರಿಗೆ 400ರ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. 6 ನಿಮಿಷ 30 ಸೆಕೆಂಡು ಅಂದರೆ ಸುತ್ತಿಗೆ 97.5 ಸೆಕೆಂಡು. 5 ನಿಮಿಷ 30 ಸೆಕೆಂಡಿಗೆ ಮುಗಿಸಬೇಕಾದರೆ 82.5. ಮೈದಾನದಲ್ಲಿ ನಾನು ನೋಡಿದ ಹಾಗೆ ಹೆಚ್ಚಿನವರು ಮೊದಲ ಸುತ್ತನ್ನು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿ, ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದು ನಡೆಯುತ್ತಾರೆ. ಮೊದಲ ಸುತ್ತಿನಲ್ಲಿ ಹತ್ತು ಸೆಕೆಂಡು ಉಳಿಸಿದವರು ಕೊನೆಯಲ್ಲಿ ಇಪ್ಪತ್ತು ಸೆಕೆಂಡು ಕಳೆದುಕೊಳ್ಳುವುದನ್ನು ದಿನಾ ನೋಡುತ್ತೇವೆ. ಒಂದೊಂದು ಸುತ್ತಿನ ಸಮಯ ಬರೆದಿಡಿ. ಒಟ್ಟು ಸಮಯ ಮಾತ್ರ ನೋಡಿದರೆ ಎಲ್ಲಿ ಸೋತಿರಿ ಎಂಬುದು ತಿಳಿಯುವುದಿಲ್ಲ. ತಿರುವಿನಲ್ಲಿ ಒಳಗೆರೆ ಬಿಡಬೇಡಿ. ಡಾಂಬರು ರಸ್ತೆಯಲ್ಲಿ ಮೊಬೈಲು ತೋರಿಸುವ ದೂರವನ್ನೇ ನಂಬಿ ಕೂರಬೇಡಿ, ವಾರಕ್ಕೊಮ್ಮೆಯಾದರೂ ಅಳೆದ ಟ್ರ್ಯಾಕ್‌ನಲ್ಲಿ ಓಡಿ. ಮತ್ತೆ ಸುತ್ತು ನೀವೇ ಎಣಿಸಿ. ಎಣಿಸುವವರು ಇದ್ದರೂ ಎಣಿಸಿ.

ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿದೆ. ಅವನು ಓಡುವಾಗ ನಾನು ಗೆರೆಯ ಹತ್ತಿರ ನಿಂತು ಅವನ ಸುತ್ತನ್ನು ಜೋರಾಗಿ ಕೂಗುತ್ತೇನೆ. ನಾನು ಓಡುವಾಗ ಅವನು. ಬೆಳಗಿನ ವಾಕಿಂಗಿಗೆ ಬರುವ ಹಿರಿಯರು ನಮ್ಮ ಕೂಗು ಕೇಳಿ ಬೈಯುವುದೂ ಉಂಟು.

ಹೋದ ಸೋಮವಾರ ಉದ್ದದ ಓಟದ ದಿನ. 3000 ಹಾಕೋಣ ಅಂದ. ಹೈಸ್ಕೂಲು ಬಿಟ್ಟ ಮೇಲೆ ಆ ದೂರವನ್ನು ನಾನು ಓಡಿಯೇ ಇರಲಿಲ್ಲ. ಮೈದಾನದ ಆಚೆ ಬದಿಯಿಂದ ಹೊರಟು ಏಳೂವರೆ ಸುತ್ತು. ಐದನೇ ಸುತ್ತಿಗೆ ಕಾಲು ಸೋತವು, ಕಣ್ಣಿಗೆ ಬೆವರು ಇಳಿದು ಲೆಕ್ಕ ಮಸುಕಾಯಿತು. ಗೆರೆ ದಾಟಿ, ಸಾಕು, ಮುಗಿಯಿತು ಎಂದು ನಿಲ್ಲಲು ಹೋದೆ. ಅವನು ಗಡಿಯಾರ ಹಿಡಿದು ಟ್ರ್ಯಾಕ್ ಪಕ್ಕದಲ್ಲಿ ನನ್ನ ಜೊತೆಗೇ ಓಡುತ್ತಾ ಕೂಗಿದ: ‘ಇನ್ನೊಂದು ಬಾಕಿ ಅದೆ ಕಣ್ಲಾ, ನಡಿ!’

ನಡೆದೆ.